ಕಂಬಳದ ಓಟ ಬೋಲ್ಟ್ ದಾಖಲೆಯನ್ನು ಮುರಿಯಿತೇ? ಸುದ್ದಿಯ ಹಿಂದಿನ ಲೆಕ್ಕ

2020ರ ಫೆಬ್ರವರಿಯಲ್ಲಿ ಮಂಗಳೂರು ಸಮೀಪದ ಐಕಳ ಕಂಬಳದ ಸುದ್ದಿಯೊಂದು ದೇಶವನ್ನೆಲ್ಲ ಸುತ್ತಿತು. ಮೂಡುಬಿದಿರೆ ಬಳಿಯ ಅಶ್ವತ್ಥಪುರದ ಶ್ರೀನಿವಾಸ ಗೌಡರು ಕೋಣಗಳೊಂದಿಗೆ 142.5 ಮೀಟರ್ ಉದ್ದದ ಕರೆಯನ್ನು 13.62 ಸೆಕೆಂಡಿನಲ್ಲಿ ಓಡಿ ಮುಗಿಸಿದರು ಎಂದು ಪ್ರಕಟವಾಯಿತು. ಅದನ್ನು 100 ಮೀಟರಿಗೆ ಇಳಿಸಿದಾಗ ಸಿಕ್ಕಿದ್ದು 9.55 ಸೆಕೆಂಡ್. ಉಸೇನ್ ಬೋಲ್ಟ್ 2009ರಲ್ಲಿ ಬರ್ಲಿನ್‌ನಲ್ಲಿ ಮಾಡಿದ ವಿಶ್ವದಾಖಲೆ 9.58. ಅಷ್ಟೇ ಸಾಕಾಯಿತು, ಪತ್ರಿಕೆ, ಟಿವಿ, ವಾಟ್ಸ್ಆ್ಯಪ್ ಎಲ್ಲ ಕಡೆ ಗೌಡರು 'ಭಾರತದ ಬೋಲ್ಟ್' ಆದರು.

ಭಾಗಾಕಾರ ಸರಿಯಾಗಿಯೇ ಇದೆ. ಹಾಗಾದರೆ ತಪ್ಪಿರುವುದು ಎಲ್ಲಿ?

ಓಟಗಾರ ನಿಂತಲ್ಲಿಂದ ಹೊರಟು ವೇಗ ಪಡೆಯಲು ಸಮಯ ಬೇಕು. ಬರ್ಲಿನ್‌ನಲ್ಲಿ ಬೋಲ್ಟ್‌ಗೆ ಮೊದಲ 20 ಮೀಟರ್ ದಾಟಲು 2.89 ಸೆಕೆಂಡ್ ಹಿಡಿಯಿತು. 60ರಿಂದ 80 ಮೀಟರ್ ನಡುವಿನ 20 ಮೀಟರಿಗೆ 1.61 ಸೆಕೆಂಡ್ ಸಾಕಾಯಿತು. ಓಟ ಸ್ವಲ್ಪ ಉದ್ದವಾದರೆ ಆರಂಭದ ಈ ನಿಧಾನ ಹೆಚ್ಚು ದೂರಕ್ಕೆ ಹಂಚಿಹೋಗಿ, ಸರಾಸರಿ ಉತ್ತಮವಾಗಿ ಕಾಣುತ್ತದೆ.

ಇದನ್ನು ಬೋಲ್ಟ್ ಮೇಲೆಯೇ ಪರೀಕ್ಷಿಸೋಣ. ಅದೇ ವರ್ಷ ಮೇ ತಿಂಗಳಲ್ಲಿ ಮ್ಯಾಂಚೆಸ್ಟರ್‌ನಲ್ಲಿ ಅವರು 150 ಮೀಟರನ್ನು 14.35 ಸೆಕೆಂಡಿನಲ್ಲಿ ಓಡಿದ್ದರು. ಕಂಬಳಕ್ಕೆ ಹಾಕಿದ ಲೆಕ್ಕವನ್ನೇ ಇಲ್ಲಿ ಹಾಕಿದರೆ 100 ಮೀಟರಿಗೆ ಸುಮಾರು 9.57 ಸೆಕೆಂಡ್ ಬರುತ್ತದೆ. ಅಂದರೆ ಬರ್ಲಿನ್ ದಾಖಲೆ ಹುಟ್ಟುವ ಮೂರು ತಿಂಗಳ ಮೊದಲೇ ಬೋಲ್ಟ್ ಅದನ್ನು ಮುರಿದಿದ್ದರು ಎಂದಾಗುತ್ತದೆ! ಯಾವ ಕ್ರೀಡಾಸಂಸ್ಥೆಯೂ ಇದನ್ನು ದಾಖಲೆ ಎನ್ನುವುದಿಲ್ಲ.

ಎರಡನೆಯ ಸಂಗತಿ, ಕೋಣಗಳು. ಕಂಬಳದ ಓಟಗಾರ ಒಂಟಿಯಾಗಿ ಓಡುವುದಿಲ್ಲ, ಜೋಡಿ ಕೋಣಗಳನ್ನು ಹಿಡಿದು ಓಡುತ್ತಾನೆ. ಅವುಗಳ ಎಳೆತದಿಂದ ಮನುಷ್ಯ ತನ್ನ ಸ್ವಂತ ಶಕ್ತಿಗಿಂತ ಹೆಚ್ಚಿನ ವೇಗ ಪಡೆಯಬಹುದು. ಅಥ್ಲೆಟಿಕ್ಸ್‌ನಲ್ಲಿ ಬೆನ್ನ ಹಿಂದಿನ ಗಾಳಿ ಸೆಕೆಂಡಿಗೆ 2 ಮೀಟರ್ ಮೀರಿದರೂ 100 ಮೀಟರ್ ದಾಖಲೆ ಊರ್ಜಿತವಾಗುವುದಿಲ್ಲ. ಹಾಗಿರುವಾಗ ಕೋಣಗಳ ಎಳೆತವನ್ನು ಲೆಕ್ಕಕ್ಕೆ ಹಿಡಿಯದೆ ಇರಲಾದೀತೇ?

ಹಾಗೆಂದು ಕಂಬಳದ ಓಟ ಸುಲಭವೆಂದಲ್ಲ. ಕೆಸರು ನೀರಿನಲ್ಲಿ, ಮುಂದೆ ಚಿಮ್ಮುವ ನೀರು ಕಣ್ಣಿಗೆ ರಾಚುವಾಗ, ಜಾರದೆ, ಕೋಣಗಳ ಹದ ತಪ್ಪಿಸದೆ ಕೊನೆ ಮುಟ್ಟುವುದು ಬೇರೆಯೇ ವಿದ್ಯೆ. ಗಟ್ಟಿ ಟ್ರ್ಯಾಕಿನಲ್ಲಿ ಓಡುವ ಬೋಲ್ಟ್‌ಗೆ ಅದು ಬೇಕಿಲ್ಲ.

ಈ ವ್ಯತ್ಯಾಸವನ್ನು ಮೊದಲು ಹೇಳಿದವರಲ್ಲಿ ಶ್ರೀನಿವಾಸ ಗೌಡರೂ ಒಬ್ಬರು. ಶ್ರೇಯಸ್ಸು ಕೋಣಗಳಿಗೂ ಸಲ್ಲಬೇಕು, ಬೋಲ್ಟ್ ವಿಶ್ವ ಚಾಂಪಿಯನ್, ತಾನು ಕೆಸರುಗದ್ದೆಯಲ್ಲಿ ಓಡುವವನು ಎಂಬುದು ಅವರ ಮಾತಿನ ಸಾರ. ಕೇಂದ್ರ ಕ್ರೀಡಾ ಸಚಿವ ಕಿರಣ್ ರಿಜಿಜು ಅವರು ಭಾರತೀಯ ಕ್ರೀಡಾ ಪ್ರಾಧಿಕಾರದ ಆಯ್ಕೆ ಪರೀಕ್ಷೆಗೆ ಕರೆದಾಗಲೂ ಗೌಡರು ಹೋಗಲಿಲ್ಲ. ಕಂಬಳದಲ್ಲಿ ಹಿಮ್ಮಡಿಗೆ ಕೆಲಸ, ಟ್ರ್ಯಾಕಿನಲ್ಲಿ ಕಾಲ್ಬೆರಳಿಗೆ ಕೆಲಸ ಎಂಬುದು ಅವರ ವಿವರಣೆಯಾಗಿತ್ತು. ಆದರೆ ಶೀರ್ಷಿಕೆಯ ಸದ್ದಿನಲ್ಲಿ ಈ ಮಾತು ಕೇಳಿಸಿದ್ದು ಕಡಿಮೆ. ಕೆಲವೇ ದಿನಗಳಲ್ಲಿ ವೇಣೂರು ಕಂಬಳದಲ್ಲಿ ನಿಶಾಂತ್ ಶೆಟ್ಟಿ ಅವರ ಓಟಕ್ಕೆ 9.51 ಎಂಬ ಲೆಕ್ಕ ಹೊರಬಿತ್ತು. ಬೋಲ್ಟ್ ಪಟ್ಟ ಆಗ ಅವರ ತಲೆಗೇರಿತು.

ಸುದ್ದಿಗೆ ಪರಿಚಿತ ಹೆಸರೊಂದು ಬೇಕು. 'ಕಂಬಳದಲ್ಲಿ ಹೊಸ ವೇಗ' ಎಂದರೆ ದಿಲ್ಲಿಯ ಓದುಗ ತಿರುಗಿ ನೋಡಲಾರ, 'ಬೋಲ್ಟ್‌ಗಿಂತ ವೇಗ' ಎಂದರೆ ನೋಡುತ್ತಾನೆ. ಅದರ ಬೆಲೆ ತೆರುವವನು ಮಾತ್ರ ಓಟಗಾರ. 2019ರಲ್ಲಿ ಮಧ್ಯಪ್ರದೇಶದ ಯುವಕನೊಬ್ಬ ಬರಿಗಾಲಲ್ಲಿ 100 ಮೀಟರನ್ನು 11 ಸೆಕೆಂಡಿನಲ್ಲಿ ಓಡಿದ ಎಂಬ ವಿಡಿಯೋ ಹರಿದಾಡಿ, ಭೋಪಾಲದಲ್ಲಿ ಪರೀಕ್ಷೆ ನಡೆದಾಗ ಆತ ಕೊನೆಯವನಾಗಿದ್ದ. ಹೊಗಳಿ ಅಟ್ಟಕ್ಕೇರಿಸಿದವರು ಆಗ ಅವನ ಜೊತೆಗಿರಲಿಲ್ಲ.

ಆದ್ದರಿಂದ ಇಂಥ ಸುದ್ದಿ ಮತ್ತೆ ಬಂದಾಗ ನಾವು ಕೇಳಬೇಕಾದದ್ದು ಇಷ್ಟೇ: ದೂರ ಒಂದೇ ಆಗಿತ್ತೇ? ಓಟಗಾರನಿಗೆ ಹೊರಗಿನ ನೆರವಿತ್ತೇ? ಸಮಯ ಅಳೆದದ್ದು ಹೇಗೆ? ಮತ್ತು ಆ ಓಟಗಾರ ಸ್ವತಃ ಏನು ಹೇಳುತ್ತಿದ್ದಾನೆ? ಕಂಬಳದ ಓಟವನ್ನು ಕಂಬಳದ ಅಳತೆಯಲ್ಲೇ ಮೆಚ್ಚಿದರೆ ಅದರ ಗೌರವ ಕಡಿಮೆಯಾಗುವುದಿಲ್ಲ.