ಬೇರ್ಪಡಿಸಿದ್ದು ಎಲ್ಲಿ ಹೋಗ್ತದ?

ಸೋಸುವುದು, ಭಟ್ಟಿ ಇಳಿಸುವುದು, ಸ್ಫಟಿಕೀಕರಣ, ಕ್ರೊಮ್ಯಾಟೊಗ್ರಫಿ. ಮಿಶ್ರಣ ಬೇರ್ಪಡಿಸುವ ಈ ವಿಧಾನಗಳನ್ನ ಹೈಸ್ಕೂಲಿನಿಂದ ಬಾಯಿಪಾಠ ಮಾಡ್ಕೋತ ಬಂದೀವಿ. ಚಿತ್ರ ಬರೆದು, ಬೇಕಾದ ವಸ್ತು ಯಾವ ಪಾತ್ರೆಗೆ ಬಂತು ಅಂತ ಬಾಣ ಹಾಕಿದರೆ ಮಾರ್ಕ್ಸ್ ಸಿಗ್ತದ. ಬೇಡಾದ್ದು ಎಲ್ಲಿ ಹೋಯ್ತು ಅಂತ ಯಾರೂ ಕೇಳೋದಿಲ್ಲ. ಎಂಜಿನಿಯರ್ ಆಗೋರು ಮೊದಲು ಕೇಳಬೇಕಾದ ಪ್ರಶ್ನೆ ಅದು ಅನ್ನೋದು ನನ್ನ ಅಭಿಪ್ರಾಯ.

ತಿಕೋಟಾ ಕಡೆಯ ಒಣದ್ರಾಕ್ಷಿ ಶೆಡ್‌ಗಳನ್ನೇ ನೋಡ್ರಿ. ದ್ರಾಕ್ಷಿಯಲ್ಲಿ ಸುಮಾರು 80% ನೀರು, ಒಣದ್ರಾಕ್ಷಿಯಲ್ಲಿ ಸುಮಾರು 15%. ಹಣ್ಣಿನ ಮೇಲಿನ ಮೇಣದ ಪದರ ನೀರನ್ನ ಹೊರಗ ಬಿಡೋದಿಲ್ಲ. ಅದಕ್ಕೇ ಪೊಟ್ಯಾಸಿಯಂ ಕಾರ್ಬೊನೇಟ್ ಮತ್ತು ಡಿಪ್ಪಿಂಗ್ ಆಯಿಲ್ ಬೆರೆಸಿದ ನೀರಲ್ಲಿ ಗೊನೆ ಅದ್ದಿ, ನೆರಳಲ್ಲಿ ಹರವ್ತಾರ. 4 ಕೆಜಿ ಹಣ್ಣು ಒಣಗಿ ಹೆಚ್ಚುಕಮ್ಮಿ 1 ಕೆಜಿ ಆಗ್ತದ. ಉಳಿದ 3 ಕೆಜಿ ಬರೀ ನೀರು, ಗಾಳಿಗೆ ಹೋಯ್ತು. ಅದರಿಂದ ಯಾರಿಗೂ ತೊಂದರೆ ಇಲ್ಲ.

ಆದರೆ ಊರೂರಲ್ಲಿರುವ ಶುದ್ಧ ಕುಡಿಯುವ ನೀರಿನ ಘಟಕದ ಲೆಕ್ಕ ಬೇರೆ. ವಿಜಯಪುರ ಜಿಲ್ಲೆಯ ಹಲವು ಕಡೆ ಬೋರ್‌ವೆಲ್ ನೀರು ಸವಳು, ಕೆಲವು ಕಡೆ ಫ್ಲೋರೈಡ್ ಕೂಡ ಅದ. ಆರ್‌ಒ ಪೊರೆ ಅದನ್ನ ನಾಶ ಮಾಡೋದಿಲ್ಲ, ಒಂದು ಪಾಲು ನೀರಿನಿಂದ ತೆಗೆದು ಇನ್ನೊಂದು ಪಾಲಿಗೆ ಹಾಕ್ತದ. ಒಂದು ಉದಾಹರಣೆ ಲೆಕ್ಕ ಮಾಡೋಣ. ಲೀಟರಿಗೆ 1500 ಮಿಗ್ರಾಂ ಟಿಡಿಎಸ್ ಇರುವ 1000 ಲೀಟರ್ ನೀರಲ್ಲಿ ಒಟ್ಟು 1.5 ಕೆಜಿ ಲವಣ ಇರ್ತದ. ಅರ್ಧ ನೀರು 100 ಮಿಗ್ರಾಂ ಟಿಡಿಎಸ್‌ಗೆ ಶುದ್ಧವಾಗಿ ಬಂತು ಅಂದ್ರೆ ಅದರಲ್ಲಿ ಇರೋದು ಬರೀ 50 ಗ್ರಾಂ. ಮಿಕ್ಕ 1450 ಗ್ರಾಂ ಉಳಿದ 500 ಲೀಟರಿನಲ್ಲಿ ಕೂತು, ಅದರ ಟಿಡಿಎಸ್ 2900 ಆಗ್ತದ. ಬೇರೆ ನೀರೇ ಸಿಗದಿದ್ದಾಗ ಕುಡಿಯೋದಕ್ಕೆ ಭಾರತೀಯ ಮಾನಕ ಒಪ್ಪುವ ಗರಿಷ್ಠ ಮಿತಿ 2000. ಈ ರಿಜೆಕ್ಟ್ ನೀರನ್ನ ಘಟಕದ ಪಕ್ಕದ ಚರಂಡಿಗೋ ಇಂಗುಗುಂಡಿಗೋ ಬಿಟ್ಟರೆ, ಅದು ಇಂಗಿ ಅದೇ ಬೋರ್‌ವೆಲ್ಲಿಗೆ ವಾಪಸ್ ಬರಬಹುದು.

ಹಂಗಂತ ಘಟಕ ಮುಚ್ರಿ ಅಂತ ನಾ ಹೇಳ್ತಿಲ್ಲ. ಫ್ಲೋರೈಡ್ ನೀರು ಕುಡಿದು ಮಕ್ಕಳ ಹಲ್ಲು, ದೊಡ್ಡವರ ಎಲುಬು ಕೆಡೋದಕ್ಕಿಂತ ಆರ್‌ಒ ಸಾವಿರ ಪಾಲು ಮೇಲು. ಆದರೆ ಘಟಕ ಕಟ್ಟುವಾಗಲೇ ರಿಜೆಕ್ಟ್ ನೀರಿಗೊಂದು ದಾರಿ ಇರಬೇಕು. ಪಾತ್ರೆ ತೊಳೆಯೋಕೆ, ಶೌಚಾಲಯಕ್ಕೆ ಬಳಸಬಹುದು. ಉಳಿದದ್ದನ್ನ ತಳಕ್ಕೆ ಶೀಟ್ ಹಾಸಿದ ಸಣ್ಣ ಹೊಂಡದಲ್ಲಿ ಆರಿಸಬಹುದು. ನಮ್ಮಲ್ಲಿ ಬಿಸಿಲಿಗೇನು ಬರ? ಲವಣದ ತಕರಾರಿಲ್ಲದೆ ಫ್ಲೋರೈಡ್ ಮಾತ್ರ ಹೆಚ್ಚಿದ್ದರೆ ಆಕ್ಟಿವೇಟೆಡ್ ಅಲ್ಯೂಮಿನಾ ಸಾಕಾಗಬಹುದು. ಅದನ್ನ ತೊಳೆದ ಕ್ಷಾರದ ನೀರಿಗೂ ಮತ್ತೆ ಇದೇ ಪ್ರಶ್ನೆ ಬರ್ತದ, ನೆನಪಿರಲಿ.

ವಿಜಯಪುರದಾಗಿನ ಆದಿಲಶಾಹಿ ಕಾಲದ ಗಂಜ್‌ಗಳನ್ನ ನೋಡೀರಲ್ಲ? ಆ ನೀರಿನ ಗೋಪುರಗಳು ಕೊಳವೆಯ ಒತ್ತಡ ಇಳಿಸೋದರ ಜೊತೆಗೆ ಕೆಸರನ್ನೂ ತಳಕ್ಕೆ ಇಳಿಸ್ತಿದ್ದವು. ಕೆಸರಿಗೆ ಜಾಗ ಕಟ್ಟಡದ ಒಳಗೇ ಇತ್ತು.

ಮಿನಿ ಪ್ರಾಜೆಕ್ಟ್‌ಗೆ ಟಾಪಿಕ್ ಹುಡುಕೋರು ಒಂದು ಟಿಡಿಎಸ್ ಮೀಟರ್ ಹಿಡಿದು ಬಬಲೇಶ್ವರದ ಕಡೆ ಯಾವುದಾದರೂ ಊರಿಗೆ ಹೋಗ್ರಿ. ಬೋರ್‌ವೆಲ್ ನೀರು, ಶುದ್ಧ ನೀರು, ರಿಜೆಕ್ಟ್ ನೀರು ಮೂರನ್ನೂ ಅಳೀರಿ. ಮೂರನೇ ಪೈಪ್ ಎಲ್ಲಿಗೆ ಹೋಗ್ತದ ಅನ್ನೋದನ್ನೂ ಬರಕೊಂಡು, ಆ ಹಾಳೆಯನ್ನ ಗ್ರಾಮ ಪಂಚಾಯ್ತಿಗೆ ಕೊಟ್ಟು ಬರ್ರಿ.