ಸೆಕೆಂಡ್ ಮುಳ್ಳಿರುವ ವಾಚು

"ಚಿಕ್ಕಮ್ಮಾ, ಹಾಸ್ಟೆಲ್ಲಿಗೆ ಏನೇನು ತಗೊಂಡು ಹೋಗ್ಬೇಕು?" ಅಂತ ದಾವಣಗೆರೆಯಿಂದ ಅಕ್ಕನ ಮಗಳು ಫೋನ್ ಮಾಡಿದಾಗ ನಾನು ಅಡುಗೆಮನೆಯಲ್ಲಿದ್ದೆ. ಅವಳಿಗೆ ಬಿ.ಎಸ್ಸಿ. ನರ್ಸಿಂಗ್ ಸೀಟು ಸಿಕ್ಕಿ ನಾಲ್ಕು ದಿನ ಆಗಿತ್ತು. ಆ ನಾಲ್ಕು ದಿನದಲ್ಲಿ ಮನೆಗೆ ಬಂದುಹೋದವರೆಲ್ಲ ಹೆಚ್ಚುಕಡಿಮೆ ಒಂದೇ ಮಾತು ಆಡಿದ್ದರಂತೆ. "ನರ್ಸಿಂಗಾ? ಮೆಡಿಕಲ್ ಸಿಗ್ಲಿಲ್ವಾ?" ಅಂತ ಒಬ್ಬರು. "ಹೋಗ್ಲಿ ಬಿಡು, ಫಾರಿನ್ನಿಗಾದ್ರೂ ಹೋಗಬಹುದು" ಅಂತ ಇನ್ನೊಬ್ಬರು. ಹುಡುಗಿಯ ದನಿ ಸ್ವಲ್ಪ ಸಪ್ಪೆಯಾಗಿತ್ತು.

ಇಪ್ಪತ್ತು ವರ್ಷದ ಹಿಂದೆ ಇದೇ ಓದು ಓದಿ, ಈಗ ಒಂದು ಆಸ್ಪತ್ರೆಯಲ್ಲಿ ವಾರ್ಡ್ ನೋಡಿಕೊಳ್ಳುತ್ತಿರುವವಳು ನಾನು. ಅದಕ್ಕೇ ನನಗೆ ಫೋನು. ಪಟ್ಟಿ ಹೇಳಿದೆ. ಎರಡು ಬಕೆಟ್ಟು, ಒಂದು ಛತ್ರಿ, ಬಿಳಿ ಶೂಗೆ ಪಾಲಿಶ್, ಕೂದಲಿಗೆ ನೆಟ್ಟು, ಅವ್ವನ ಕೈಯ ಶೇಂಗಾ ಚಟ್ನಿಪುಡಿ. ಕೊನೆಗೆ, "ಸೆಕೆಂಡ್ ಮುಳ್ಳಿರುವ ಒಂದು ವಾಚು" ಅಂದೆ. ಅವಳು ನಕ್ಕಳು. "ಈಗ ಯಾರು ಚಿಕ್ಕಮ್ಮ ಅದನ್ನ ಕಟ್ತಾರೆ? ಫೋನಲ್ಲೇ ಟೈಮ್ ಇರುತ್ತಲ್ಲ." "ಟೈಮ್ ನೋಡೋಕಲ್ಲ ಕಣೇ, ಎಣಿಸೋಕೆ" ಅಂದೆ. ಯಾಕೆ ಅಂತ ಕೇಳಿದಳು. ಆವತ್ತು ಪೂರ್ತಿ ಹೇಳಲಿಲ್ಲ. ಇಲ್ಲಿ ಹೇಳ್ತೀನಿ.

ನಾನು ಬ್ಯಾಡಗಿ ತಾಲ್ಲೂಕಿನ ಹಳ್ಳಿಯವಳು. ಪಿಯುಸಿವರೆಗೆ ಕನ್ನಡದಲ್ಲೇ ಯೋಚಿಸಿ, ಇಂಗ್ಲಿಷಿನಲ್ಲಿ ಬಾಯಿಪಾಠ ಮಾಡಿ ಪಾಸಾದವಳು. 2004ರಲ್ಲಿ ಅಪ್ಪ ನನ್ನನ್ನು ಕರಾವಳಿಯ ಒಂದು ದೊಡ್ಡ ಕ್ಯಾಂಪಸ್ಸಿಗೆ ಸೇರಿಸಲು ಕರಕೊಂಡು ಹೊರಟರು. ಶಿವಮೊಗ್ಗದಲ್ಲಿ ಬಸ್ ಬದಲಿಸಿ, ಸಣ್ಣ ಬಸ್ಸಿನಲ್ಲಿ ಆಗುಂಬೆ ಘಾಟಿಯ ತಿರುವುಗಳನ್ನು ಇಳಿಯುವಾಗ ಹೊರಗೆ ಬರೀ ಮಳೆ, ಮಂಜು. ಅಪ್ಪ ಟ್ರಂಕನ್ನು ಕಾಲಲ್ಲಿ ಒತ್ತಿ ಹಿಡಿದಿದ್ದರು. ಅಂಗಿಯ ಒಳಜೇಬಿನಲ್ಲಿ ಬ್ಯಾಂಕ್ ಸಾಲದ ಕಾಗದ ಇತ್ತು.

ಕ್ಯಾಂಪಸ್ ನೋಡಿ ನಮ್ಮಿಬ್ಬರಿಗೂ ಮಾತು ಹೊರಡಲಿಲ್ಲ. ಒಂದು ಕಡೆ ಇಂಜಿನಿಯರಿಂಗ್, ಇನ್ನೊಂದು ಕಡೆ ಮೆಡಿಕಲ್, ಫಾರ್ಮಸಿ, ನಡುವೆ ಆಸ್ಪತ್ರೆ, ಸುತ್ತ ಹಾಸ್ಟೆಲ್‌ಗಳು. ಎಲ್ಲಿ ನೋಡಿದರೂ ಜೀನ್ಸ್ ತೊಟ್ಟ ಹುಡುಗ ಹುಡುಗಿಯರು. "ನಮ್ಮ ಊರು ಇದ್ರಾಗ ನಾಕ್ ಸಲ ಹಿಡಿಸ್ತೈತಿ ನೋಡು" ಅಂದ ಅಪ್ಪ, ಸಂಜೆ ಬಸ್ಸಿಗೆ ಹೋಗುವಾಗ ತಿರುಗಿ ನೋಡಲಿಲ್ಲ. ನೋಡಿದ್ದರೆ ನಾನೂ ಅದೇ ಬಸ್ ಹತ್ತುತ್ತಿದ್ದೆ.

ಒಂದೇ ಕ್ಯಾಂಪಸ್ಸಿನಲ್ಲಿದ್ದರೂ ನಮ್ಮ ದಿನವೇ ಬೇರೆ ಅಂತ ವಾರದೊಳಗೆ ಗೊತ್ತಾಯಿತು. ಬೆಳಿಗ್ಗೆ ಐದಕ್ಕೆ ಬಚ್ಚಲ ಮುಂದೆ ಬಕೆಟ್ಟುಗಳ ಸಾಲು. ಇಸ್ತ್ರಿ ಯೂನಿಫಾರ್ಮು, ಎಳೆ ಹೊರಬಾರದಂತೆ ಕಟ್ಟಿದ ತುರುಬು, ಉಗುರಿನ ತಪಾಸಣೆ. ಮೊದಲ ವರ್ಷ ಅನಾಟಮಿ, ಫಿಸಿಯಾಲಜಿ, ಪೋಷಣೆ, ಸೈಕಾಲಜಿ, ಮೈಕ್ರೋಬಯಾಲಜಿ. ಜೊತೆಗೆ ನರ್ಸಿಂಗ್ ಫೌಂಡೇಶನ್ಸ್. ಅದರಲ್ಲಿ ಮೊದಲು ಕಲಿಸಿದ್ದು ಹಾಸಿಗೆ ಹಾಸುವುದನ್ನು! "ಇದನ್ನು ಕಲಿಯೋಕೆ ಸಾಲ ಮಾಡ್ಬೇಕಾಗಿತ್ತಾ?" ಅನ್ನಿಸಿತ್ತು. ಬೆಡ್‌ಶೀಟಿನ ಮೂಲೆಯನ್ನು ಒಂದೇ ಕೋನಕ್ಕೆ ಮಡಚಬೇಕು, ಒಂದು ಸುಕ್ಕೂ ಇರಬಾರದು. ಮಲಗಿದಲ್ಲೇ ಇರುವ ರೋಗಿಯ ಬೆನ್ನಿನಲ್ಲಿ ಹುಣ್ಣಾಗಲು ಒತ್ತಡ, ಒದ್ದೆ, ಉಜ್ಜುವಿಕೆ ಸಾಕು, ಸುಕ್ಕು ಅದಕ್ಕೆ ಜೊತೆಯಾಗುತ್ತದೆ ಅಂತ ತಿಳಿದದ್ದು ಆಮೇಲೆ. ಇಂಜಿನಿಯರಿಂಗ್ ಹುಡುಗರು ಕಣ್ಣುಜ್ಜುತ್ತಾ ತಿಂಡಿಗೆ ಬರುವ ಹೊತ್ತಿಗೆ ನಾವು ವಾರ್ಡಿನಲ್ಲಿ ಅರ್ಧ ದಿನದ ಕೆಲಸ ಮುಗಿಸಿರುತ್ತಿದ್ದೆವು. ಮಧ್ಯಾಹ್ನ ಊಟ ಮಾಡಿ ಕ್ಲಾಸಿನಲ್ಲಿ ಕೂತರೆ ಫ್ಯಾನಿನ ಗಾಳಿಗೆ ತಲೆ ತೂಗುತ್ತಿತ್ತು. ರಾತ್ರಿ ಕೇರ್ ಪ್ಲಾನ್ ಬರೆಯುವುದು ಇದ್ದೇ ಇತ್ತು.

ನಮ್ಮ ಕ್ಲಾಸಿನಲ್ಲಿ ಹೆಚ್ಚಿನವರು ಕೇರಳದವರು. ನನ್ನ ರೂಮ್‌ಮೇಟ್ ಕೋಟ್ಟಯಂ ಕಡೆಯವಳು. ಅವಳಿಗೆ ಕನ್ನಡ ಬಾರದು, ನನಗೆ ಇಂಗ್ಲಿಷ್ ಬಾರದು. ಒಂದು ಒಪ್ಪಂದ ಮಾಡಿಕೊಂಡೆವು. ರಾತ್ರಿ ಅವಳು ನನಗೆ ಫಾರ್ಮಕಾಲಜಿ ಓದಿ ಹೇಳಬೇಕು, ನಾನು ಅವಳಿಗೆ ವಾರ್ಡಿನ ಕನ್ನಡ ಕಲಿಸಬೇಕು. "ಎಲ್ಲಿ ನೋವು?", "ಊಟ ಆಯ್ತಾ?", "ರಾತ್ರಿ ನಿದ್ದೆ ಬಂತಾ?" ಇಷ್ಟು ಬೇಗ ಕಲಿತಳು. ಆದರೆ ಆಸ್ಪತ್ರೆಗೆ ಹಾವೇರಿ, ದಾವಣಗೆರೆ, ಶಿವಮೊಗ್ಗದಿಂದೆಲ್ಲ ಜನ ಬರುತ್ತಿದ್ದರಲ್ಲ! ಒಂದು ದಿನ ನಮ್ಮ ಕಡೆಯ ಹೆಂಗಸೊಬ್ಬಳು "ಹೊಟ್ಟಿ ಕಡ್ಯಾಕತ್ತೈತಿ ಸಿಸ್ಟರ್" ಅಂದಳು. ಮಲಯಾಳದಲ್ಲೂ ಕಡಿ ಅಂದರೆ ಕಚ್ಚುವುದೇ. ಇವಳು ಗಾಬರಿಯಾಗಿ ನನ್ನ ಹತ್ತಿರ ಓಡಿ ಬಂದು, "ಆ ಅಮ್ಮನ ಹೊಟ್ಟೆಗೆ ಏನೋ ಕಚ್ಚಿದೆ ಅಂತೆ" ಅಂದಳು. ನಕ್ಕು ನಕ್ಕು ಸಾಕಾಯಿತು. ಆವತ್ತಿನಿಂದ ವಾರ್ಡಿನಲ್ಲಿ ನನಗೆ ಬೆಲೆ ಬಂತು. ಘಟ್ಟದ ಮೇಲಿನ ಅಜ್ಜ ಅಜ್ಜಿಯರು ಏನು ಹೇಳಿದರೂ ಎಲ್ಲರೂ ನನ್ನನ್ನೇ ಕರೆಯುತ್ತಿದ್ದರು. ನನ್ನ ಕನ್ನಡ ಅಲ್ಲಿ ಉಪಯೋಗಕ್ಕೆ ಬಂತಲ್ಲ ಅಂತ ಒಳಗೊಳಗೇ ಹಿಗ್ಗಿದೆ. ಸ್ವಲ್ಪ ಜಂಬವೂ ಬಂತು ಅನ್ನಿ.

ಎರಡನೇ ವರ್ಷ ಮೆಡಿಕಲ್ ಸರ್ಜಿಕಲ್ ನರ್ಸಿಂಗ್. ಹೆಂಗಸರ ವಾರ್ಡಿನಲ್ಲಿ ಪೋಸ್ಟಿಂಗ್. ಒಬ್ಬೊಬ್ಬರಿಗೆ ಐದೈದು ರೋಗಿಗಳು. ಬೆಳಿಗ್ಗೆ ಮೊದಲು ಜ್ವರ, ನಾಡಿ, ಉಸಿರು, ಬಿ.ಪಿ. ನೋಡಿ ಚಾರ್ಟಿನಲ್ಲಿ ಬರೆಯಬೇಕು. ಉಸಿರನ್ನು ಎಣಿಸುವ ಕ್ರಮ ಹೇಗೆ ಅಂದರೆ, ಎಣಿಸುತ್ತಿದ್ದೀವಿ ಅಂತ ರೋಗಿಗೆ ಹೇಳಬಾರದು. ಹೇಳಿದ ಕೂಡಲೇ ಯಾರಿಗಾದರೂ ಉಸಿರಾಟ ಬದಲಾಗುತ್ತದೆ. ಬೇಕಾದರೆ ನೀವೇ ಈಗ ನಿಮ್ಮ ಉಸಿರಿನ ಕಡೆ ಗಮನ ಕೊಟ್ಟು ನೋಡಿ! ಅದಕ್ಕೇ ನಾಡಿ ನೋಡಿದ ಮೇಲೂ ಮಣಿಕಟ್ಟಿನ ಬೆರಳು ತೆಗೆಯದೆ, ನಾಡಿಯನ್ನೇ ನೋಡುತ್ತಿರುವವರ ಹಾಗೆ ನಿಂತು, ಎದೆ ಏರಿ ಇಳಿಯುವುದನ್ನು ನೋಡಬೇಕು. ಏರಿ ಇಳಿದರೆ ಒಂದು. ಕಣ್ಣು ಸೆಕೆಂಡ್ ಮುಳ್ಳಿನ ಮೇಲೊಮ್ಮೆ, ಎದೆಯ ಮೇಲೊಮ್ಮೆ. ಪೂರ್ತಿ ಒಂದು ನಿಮಿಷ. ದೊಡ್ಡವರಿಗೆ ನಿಮಿಷಕ್ಕೆ 12ರಿಂದ 20 ಇದ್ದರೆ ಸರಿ.

ಆದರೆ ಒಂದು ನಿಮಿಷ ಅನ್ನುವುದು ಸುಮ್ಮನೆ ನಿಂತವರಿಗೆ ಎಷ್ಟು ಉದ್ದ ಅಂತ ನಿಂತವರಿಗೇ ಗೊತ್ತು. ನಿಜ ಹೇಳ್ತೀನಿ, ನಮ್ಮಲ್ಲಿ ಸುಮಾರು ಜನ ಎಣಿಸುತ್ತಿರಲಿಲ್ಲ. ದೂರದಿಂದ ನೋಡಿ, ಆರಾಮಾಗಿದ್ದಾರೆ ಅನ್ನಿಸಿದರೆ 18 ಅಥವಾ 20 ಅಂತ ಬರೆಯುತ್ತಿದ್ದೆವು.

ಆ ದಿನ ಕ್ಯಾಂಪಸ್ಸಿನಲ್ಲಿ ಫೆಸ್ಟು. ಊರಿಂದ ಊರಿಗೆ ಹೆಸರಾದ ಬ್ಯಾಂಡ್ ಬರುತ್ತೆ ಅಂತ ವಾರದಿಂದ ಗುಲ್ಲೋ ಗುಲ್ಲು. ನಾನು ಅವ್ವ ಕಳಿಸಿದ ಹೊಸ ಚೂಡಿದಾರ್ ಇಸ್ತ್ರಿ ಮಾಡಿಟ್ಟು ಬಂದಿದ್ದೆ. ಕೆಲಸ ಮುಗಿಸಿದವರು ಹನ್ನೊಂದಕ್ಕೆ ಹೋಗಬಹುದು ಅಂತ ಸಿಸ್ಟರ್ ಹೇಳಿದ್ದರು. ನನ್ನ ಐದನೇ ರೋಗಿ ರಾಣೆಬೆನ್ನೂರು ಕಡೆಯ ಒಬ್ಬ ಅಜ್ಜಿ. ಸಕ್ಕರೆ ಕಾಯಿಲೆ, ಕಾಲಿನಲ್ಲಿ ಹುಣ್ಣು. ದಿನಾ ನನ್ನ ಕೈ ಹಿಡಿದು "ನಮ್ಮ ಕಡೀ ಹುಡುಗಿ" ಅಂತ ಪಕ್ಕದ ಬೆಡ್ಡಿನವರಿಗೆ ತೋರಿಸುತ್ತಿದ್ದವಳು. ಆವತ್ತು ಕಣ್ಣುಮುಚ್ಚಿ ಮಲಗಿದ್ದಳು. "ಯಾಕಜ್ಜಿ?" ಅಂದೆ. "ಸಾಕಾಗೈತಿ ಅವ್ವಾ" ಅಂದಳು. ಜ್ವರ ಅಷ್ಟೇನಿರಲಿಲ್ಲ. ನಾಡಿ ಸ್ವಲ್ಪ ಜೋರು. ಬಿ.ಪಿ. ಹಿಂದಿನ ದಿನದ ಹಾಗೇ ಇತ್ತು. ಉಸಿರಿನ ಕಾಲಂನಲ್ಲಿ 20 ಅಂತ ಬರೆದು ಸಹಿ ಹಾಕಿದೆ.

ವಾರ್ಡಿನ ಸಿಸ್ಟರ್ ಅಲ್ಲಿಯವರೇ, ತುಳು ಮನೆಮಾತಿನವರು. ಮಾತು ಕಡಿಮೆ. ಚಾರ್ಟ್ ನೋಡುತ್ತಾ ಬಂದವರು ಅಜ್ಜಿಯ ಬೆಡ್ಡಿನ ಹತ್ತಿರ ನಿಂತರು. ಚಾರ್ಟ್ ನೋಡಿದರು, ಅಜ್ಜಿಯ ಮುಖ ನೋಡಿದರು. ಕೈ ಹಿಡಿದು ನಿಂತೇ ಇದ್ದರು. ಆ ಒಂದು ನಿಮಿಷ ನಾನು ಅವರ ಪಕ್ಕದಲ್ಲೇ ನಿಂತಿದ್ದೆ. ನನಗೂ ಈಗ ಕಾಣಿಸುತ್ತಿತ್ತು. ಅಜ್ಜಿಯ ಎದೆ ಸಣ್ಣದಾಗಿ, ಬೇಗ ಬೇಗ ಏರಿಳಿಯುತ್ತಿತ್ತು. ಕತ್ತಿನ ಗುಳಿ ಒಳಕ್ಕೆ ಎಳೆಯುತ್ತಿತ್ತು. ಸಿಸ್ಟರ್ ಮೆಲ್ಲಗೆ "34" ಅಂದರು. ಆಮೇಲೆ ನನ್ನ ಕಡೆ ತಿರುಗಿ, "ಈ ಇಪ್ಪತ್ತು ನೀನು ಎಣಿಸಿದ್ದಾ, ಬರೆದದ್ದಾ?" ಅಂತ ಕೇಳಿದರು. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಡಾಕ್ಟರಿಗೆ ಕರೆ ಹೋಯಿತು. ಆಕ್ಸಿಜನ್ ಹಾಕಿದರು, ರಕ್ತ ತೆಗೆದರು. ಕಾಲಿನ ಸೋಂಕು ರಕ್ತಕ್ಕೆ ಇಳಿಯುತ್ತಿದೆ ಅಂದರು. ಅರ್ಧ ಗಂಟೆಯಲ್ಲಿ ಅಜ್ಜಿಯನ್ನು ಐ.ಸಿ.ಯು.ಗೆ ಒಯ್ದರು. ನಾನು ಖಾಲಿ ಬೆಡ್ಡಿನ ಮುಂದೆ ನಿಂತಿದ್ದೆ. ಹೊರಗೆ ಮೈದಾನದಲ್ಲಿ ಮೈಕ್ ಪರೀಕ್ಷೆ ಮಾಡುವ ಸದ್ದು ಕೇಳುತ್ತಿತ್ತು. ಸಿಸ್ಟರ್ ಒಂದು ಹಾಳೆ ಕೊಟ್ಟು, "ಏನಾಯಿತೋ ಅದನ್ನು ಬರೆ" ಅಂದರು. ಇಂಗ್ಲಿಷಿನಲ್ಲಿ ಹೇಗೆ ಬರೆಯೋದು ಅಂತ ಗೊತ್ತಾಗದೆ ಕೂತಿದ್ದೆ. "ಕನ್ನಡದಲ್ಲೇ ಬರೆ, ನಿಜ ಬರೆ" ಅಂದರು. ಎಣಿಸಲಿಲ್ಲ ಅಂತ ಬರೆದೆ. ಆ ಸಂಜೆ ಫೆಸ್ಟಿಗೆ ಹೋಗಲಿಲ್ಲ. ರೂಮ್‌ಮೇಟ್ ಕೂಡ ಹೋಗಲಿಲ್ಲ. ಅವಳೂ ಆವತ್ತು ತನ್ನ ಐದು ಚಾರ್ಟಿನಲ್ಲಿ 18 ಅಂತಲೇ ಬರೆದಿದ್ದಳು. ಅವಳ ರೋಗಿಗಳು ಚೆನ್ನಾಗಿದ್ದರು, ಅಷ್ಟೇ ವ್ಯತ್ಯಾಸ.

ದೇಹ ಕೆಡುವಾಗ ಎಷ್ಟೋ ಸಲ ಬಿ.ಪಿ. ಬೀಳುವ ಮೊದಲೇ ಉಸಿರು ಏರಿರುತ್ತದೆ ಅನ್ನುವುದನ್ನು ಪುಸ್ತಕದಲ್ಲಿ ಓದಿದ್ದೆ, ಪರೀಕ್ಷೆಯಲ್ಲಿ ಬರೆದಿದ್ದೆ, ಮಾರ್ಕ್ಸೂ ಬಂದಿತ್ತು. ಬಿ.ಪಿ.ಗೆ ಉಪಕರಣ ಇದೆ, ಜ್ವರಕ್ಕೆ ಥರ್ಮಾಮೀಟರ್ ಇದೆ. ಜನರಲ್ ವಾರ್ಡಿನಲ್ಲಿ ಉಸಿರಿಗೆ ಇರುವುದು ನಮ್ಮ ಕಣ್ಣು, ಒಂದು ವಾಚು.

ಒಂಬತ್ತು ದಿನದ ಮೇಲೆ ಅಜ್ಜಿ ವಾರ್ಡಿಗೆ ವಾಪಸ್ ಬಂದಳು. ಇಳಿದುಹೋಗಿದ್ದಳು, ಆದರೆ ನಕ್ಕಳು. ಮನೆಗೆ ಹೋಗುವ ದಿನ ಅವಳ ಮಗ ಬಾಳೆಹಣ್ಣಿನ ಚಿಪ್ಪು ತಂದು ನನ್ನ ಕೈಗೇ ಕೊಟ್ಟು, "ನೀವು ಛಲೋ ನೋಡ್ಕೊಂಡ್ರಿ" ಅಂದ. ಹೇಳಿಬಿಡಬೇಕು ಅಂತ ಬಾಯಿ ತೆರೆದೆ. ಅಜ್ಜಿ ಕೈ ಹಿಡಿದುಕೊಂಡಳು. ಹೇಳಲಾಗಲಿಲ್ಲ. ನಮ್ಮ ಕಡೆಯ ಮಾತು ಬರುತ್ತೆ ಅಂತ ಹಿಗ್ಗಿದ್ದವಳಿಗೆ, ಅದೇ ಮಾತಿನಲ್ಲಿ ಅವಳು "ಸಾಕಾಗೈತಿ" ಅಂದಾಗ ಕೇಳಿಸಿರಲಿಲ್ಲ. ಅವಳ ಹತ್ತಿರ ಹೇಳದೇ ಉಳಿದದ್ದನ್ನು ಇಷ್ಟು ವರ್ಷದ ಮೇಲೆ ನಿಮ್ಮ ಹತ್ತಿರ ಹೇಳುತ್ತಿದ್ದೇನೆ.

ನರ್ಸಿಂಗ್ ಓದುವವರು ದೀಪ ಹಿಡಿದು ಪ್ರತಿಜ್ಞೆ ಮಾಡುವ ಒಂದು ಸಮಾರಂಭ ಇರುತ್ತದೆ. ಫ್ಲಾರೆನ್ಸ್ ನೈಟಿಂಗೇಲ್ ಹುಟ್ಟಿದ ಮೇ 12ರಂದು ದಾದಿಯರ ದಿನ ಆಚರಿಸುತ್ತೇವೆ. ಅವರ ದೀಪದ ಕಥೆ ಎಲ್ಲರಿಗೂ ಗೊತ್ತು. ಆದರೆ ಅವರು ದೊಡ್ಡ ಲೆಕ್ಕಗಾರ್ತಿ ಅನ್ನುವುದು ಎಷ್ಟು ಜನಕ್ಕೆ ಗೊತ್ತು? ಕ್ರಿಮಿಯಾ ಯುದ್ಧದಲ್ಲಿ ಗಾಯಕ್ಕಿಂತ ಹೆಚ್ಚು ಸೈನಿಕರು ರೋಗರುಜಿನದಿಂದ ಸತ್ತರು ಅಂತ ಎಣಿಸಿ, ಅಂಕಿ ಇಟ್ಟು, ಚಿತ್ರ ಬರೆದು ಸರ್ಕಾರಕ್ಕೆ ತೋರಿಸಿದವರು ಅವರು. ನಾನು ಆ ಅಧ್ಯಾಯವನ್ನು ಮತ್ತೆ ಓದಿದ್ದು ಅಜ್ಜಿ ಐ.ಸಿ.ಯು.ನಲ್ಲಿದ್ದ ವಾರದಲ್ಲಿ.

ಆಮೇಲಿನ ಎರಡು ವರ್ಷ ಹೇಗೆ ಹೋದವೋ ತಿಳಿಯಲಿಲ್ಲ. ಹಳ್ಳಿ ಪೋಸ್ಟಿಂಗಿನಲ್ಲಿ ಮನೆ ಮನೆಗೆ ಹೋಗಿ, ನಮ್ಮ ಬ್ಯಾಗಿನ ಕೆಳಗೆ ದಿನಪತ್ರಿಕೆ ಹಾಸಿ ಬಾಣಂತಿಯರನ್ನು ನೋಡಿದ್ದು, ಮೊದಲ ಹೆರಿಗೆ ನೋಡಿ ಕಣ್ಣಲ್ಲಿ ನೀರು ಬಂದದ್ದು, ಮಳೆಯಲ್ಲಿ ಒಂದೇ ಛತ್ರಿಯ ಕೆಳಗೆ ಮೂವರು ಲೈಬ್ರರಿಗೆ ಓಡಿದ್ದು. ಮುಂದಿನ ವರ್ಷದ ಫೆಸ್ಟಿನಲ್ಲಿ ಹೊಸ ಚೂಡಿದಾರ್ ಹಾಕಿಕೊಂಡು ಗಂಟಲು ಹರಿಯುವಂತೆ ಕೂಗಿದೆವು ಕೂಡ. ಬೆಳಿಗ್ಗೆ ವಾರ್ಡಿನಲ್ಲಿ ಎಣಿಸಿಯೇ ಹೋಗಿದ್ದೆವು. ರೂಮ್‌ಮೇಟ್ ಈಗ ಐರ್ಲೆಂಡಿನಲ್ಲಿ ನರ್ಸ್. ಫೋನ್ ಮಾಡಿದಾಗೆಲ್ಲ "ಹೊಟ್ಟಿ ಕಡ್ಯಾಕತ್ತೈತಾ?" ಅಂತಲೇ ಮಾತು ಶುರು.

ಮಕ್ಕಳನ್ನು ನರ್ಸಿಂಗಿಗೆ ಕಳಿಸುವ ತಂದೆತಾಯಂದಿರಿಗೆ ನನ್ನದೊಂದು ಮಾತು. ಕಟ್ಟಡ ನೋಡಿ ಮಾರುಹೋಗಬೇಡಿ. ಕಾಲೇಜಿಗೆ ನರ್ಸಿಂಗ್ ಕೌನ್ಸಿಲ್ಲಿನ ಮಾನ್ಯತೆ ಇದೆಯಾ, ಕಲಿಯಲು ಆಸ್ಪತ್ರೆ ಇದೆಯಾ, ಅದರಲ್ಲಿ ರೋಗಿಗಳಿದ್ದಾರಾ, ವಾರ್ಡಿನಲ್ಲಿ ಮಕ್ಕಳ ಜೊತೆ ನಿಂತು ಹೇಳಿಕೊಡುವವರಿದ್ದಾರಾ ಅಂತ ಕೇಳಿ. "ಮೆಡಿಕಲ್ ಸಿಗಲಿಲ್ವಾ" ಅನ್ನುವ ನೆಂಟರಿಗೆ ಉತ್ತರ ಕೊಡುತ್ತಾ ಕೂರಬೇಡಿ. ಅವರು ಮುಂದೊಂದು ದಿನ ಬೆಡ್ಡಿನಲ್ಲಿ ಮಲಗಿದಾಗ ರಾತ್ರಿ ಎರಡು ಗಂಟೆಗೆ ಪಕ್ಕದಲ್ಲಿ ಯಾರು ನಿಂತಿರುತ್ತಾರೆ ಅಂತ ಅವರಿಗೇ ತಿಳಿಯುತ್ತದೆ.

ಅಕ್ಕನ ಮಗಳು ಕ್ಯಾಂಪಸ್ ಸೇರಿ ಎರಡು ತಿಂಗಳಾಯಿತು. ಮೊನ್ನೆ ಫೋನ್ ಮಾಡಿದ್ದಳು. ಮೆಸ್ಸಿನ ಸಾರು ನೀರು, ಬಟ್ಟೆ ಒಣಗಲ್ಲ, ಬೆಡ್‌ಶೀಟಿನ ಮೂಲೆ ಸರಿ ಬರಲ್ಲ ಅಂತ ದೂರುಗಳ ಪಟ್ಟಿ ಓದಿದಳು. ನನ್ನ ಕಾಲದ್ದೇ ಪಟ್ಟಿ. ಕೊನೆಗೆ, "ಚಿಕ್ಕಮ್ಮಾ, ಒಂದು ನಿಮಿಷ ಅಂದ್ರೆ ತುಂಬಾ ಹೊತ್ತು ಕಣೇ. ನಡುವೆ ಲೆಕ್ಕ ತಪ್ಪಿಹೋಗುತ್ತೆ" ಅಂದಳು.

"ತಪ್ಪಿದ್ರೆ ಮತ್ತೆ ಮೊದಲಿಂದ ಎಣಿಸು" ಅಂದೆ.