ನೆರೆಹೊರೆ: ರೋಗಿಯ ಬುತ್ತಿ

ಅನ್ನದಾನವೆಂದರೆ ನಮ್ಮವರ ಕೈ ಎಂದೂ ಹಿಂದೆ ಬಿದ್ದುದಿಲ್ಲ. ಜಾತ್ರೆಯ ದಾಸೋಹವಿರಲಿ, ರಾಯರ ಆರಾಧನೆಯ ಪಂಕ್ತಿಯಿರಲಿ, ಇನ್ನಷ್ಟು ತುಪ್ಪ, ಇನ್ನೊಂದು ಹೋಳಿಗೆ ಎಂದು ಒತ್ತಾಯಿಸುವದರಲ್ಲೇ ಬಡಿಸುವವರಿಗೆ ಸುಖ. ಆದರೆ ರೋಗಿಗಳಿಗಾಗಿ ಬೇಯಿಸುವ ಅಡಿಗೆಮನೆಗೆ ಹೋಗುವವನು ಈ ಧಾರಾಳತನವನ್ನು ಚಪ್ಪಲಿಗಳ ಜೊತೆಗೆ ಹೊರಗೇ ಬಿಟ್ಟು ಹೋಗಬೇಕು. ಅಲ್ಲಿ ಕೈಗಿಂತ ಅಳತೆ ದೊಡ್ಡದು.

ನಮ್ಮ ಅಮೀರ್‌ಪೇಟ್ ಕಂಪ್ಯೂಟರ್ ತರಬೇತಿಯ ಬೋರ್ಡುಗಳಿಗೆ ಹೆಸರಾದ ಪೇಟೆ. ಆದರೆ ಇಲ್ಲಿಂದ ಮೆಟ್ರೋ ಹತ್ತಿದರೆ ಒಂದು ಕಡೆ ಮುಂದಿನ ನಿಲ್ದಾಣವೇ ಪಂಜಾಗುಟ್ಟ, ಅಲ್ಲಿ ನಿಮ್ಸ್ ಆಸ್ಪತ್ರೆ. ಇನ್ನೊಂದು ಕಡೆ ಮೂರನೆಯ ನಿಲ್ದಾಣ ಎರ್ರಗಡ್ಡ, ಅಲ್ಲಿ ಸರಕಾರದ ಎದೆರೋಗದ ಆಸ್ಪತ್ರೆ. ರಾಯಚೂರು, ಬೀದರ, ಕಲಬುರಗಿಗಳ ಕಡೆಯಿಂದ ರೋಗಿಗಳನ್ನು ಕರೆತಂದವರು ಈ ಸುತ್ತಿನ ಗಲ್ಲಿಗಳಲ್ಲಿ ಒಂದೊಂದು ಕೋಣೆ ಹಿಡಿದು ತಿಂಗಳುಗಟ್ಟಲೆ ಇರುತ್ತಾರೆ. ಆಸ್ಪತ್ರೆಯ ಮಂಚ ಸಿಕ್ಕವನಿಗೆ ಆಸ್ಪತ್ರೆಯ ಊಟವುಂಟು. ಜೊತೆಗೆ ಬಂದವರಿಗೆಂದು ೨೦೨೨ರಲ್ಲಿ ನಗರದ ೧೮ ಸರಕಾರಿ ಆಸ್ಪತ್ರೆಗಳಲ್ಲಿ ಐದು ರೂಪಾಯಿಯ ಊಟ ಆರಂಭವಾಯಿತು, ಒಳ್ಳೆಯ ಕೆಲಸ. ನಡುವೆ ಸಿಕ್ಕಿಕೊಂಡವರು ಬೇರೆ. ವಾರಕ್ಕೆ ಮೂರು ಸಲ ಡಯಾಲಿಸಿಸ್ ಮಾಡಿಸಿಕೊಂಡು ಕೋಣೆಗೆ ಮರಳುವವರು, ಕ್ಯಾನ್ಸರಿನ ಔಷಧಿ ಏರಿಸಿಕೊಂಡು ಬಂದು ಮಲಗುವವರು, ಕ್ಷಯದ ಮಾತ್ರೆ ನುಂಗುತ್ತಿರುವವರು. ಇವರಿಗೆ ಮಂಚವಿಲ್ಲ, ಒಲೆಯೂ ಇಲ್ಲ. ಹೊಟೆಲಿನ ಖಾರ ಇಳಿಯುವದಿಲ್ಲ.

ಇಂಥವರಿಗಾಗಿ ನಮ್ಮ ಬಡಾವಣೆಯ ಐದಾರು ಮನೆಯವರು ಸೇರಿ ರವಿವಾರ ಮತ್ತು ಬುಧವಾರ ಅಡಿಗೆ ಮಾಡುತ್ತಾರೆ. ಮೂವತ್ತರ ಆಸುಪಾಸು ಡಬ್ಬಿಗಳು. ಯಜಮಾನಿಕೆ ಒಬ್ಬ ಹಿರಿಯ ಹೆಣ್ಣುಮಗಳದು. ಎಲ್ಲರಿಗೂ ಅವರು ಕಾಕೂ. ಹೊಸಬರು ಬಂದು ಸೌಟಿಗೆ ಕೈ ಹಾಕಿದರೆ, “ಪುಣ್ಯಾ ಮಾಡ್ಲಿಕ್ಕೆ ಬಂದೀಯೋ, ಪಲ್ಯಾ ಹೆಚ್ಚಲಿಕ್ಕೆ ಬಂದೀಯೋ?” ಎಂದು ಈಳಿಗೆಯ ಮುಂದೆ ಕೂಡಿಸುತ್ತಾರೆ. ನನಗೆ ಸಿಕ್ಕಿದ್ದು ಚೀಟಿ ಬರೆಯುವ ಕೆಲಸ. ಕಚೇರಿಯ ಗುಮಾಸ್ತನಿಗೆ ರವಿವಾರವೂ ಅದೇ ಹಣೆಬರಹವೇ ಎಂದು ನಗಬೇಡಿರಿ. ಆ ಮನೆಯಲ್ಲಿ ಸೌಟಿಗಿಂತ ಚೀಟಿಗೆ ಬೆಲೆ ಹೆಚ್ಚು.

ಏಕೆಂದರೆ ಒಬ್ಬನ ಪಥ್ಯ ಇನ್ನೊಬ್ಬನಿಗೆ ವಿಷವಾದೀತು. ಕ್ಷಯದವನಿಗೆ ಬೇಳೆ, ಮೊಟ್ಟೆ, ಶೇಂಗಾ ಎಷ್ಟು ಹೋದರೆ ಅಷ್ಟು ಒಳ್ಳೆಯದು. ಮೂತ್ರಪಿಂಡ ಕೆಟ್ಟವನಿಗೆ ಬಟಾಟೆಯನ್ನು ಕೂಡ ಸಣ್ಣಗೆ ಹೆಚ್ಚಿ, ಬಹಳ ನೀರಿನಲ್ಲಿ ಕುದಿಸಿ, ಆ ನೀರನ್ನು ಚೆಲ್ಲಿಯೇ ಕೊಡಬೇಕು. ಅದರೊಳಗಿನ ಪೊಟ್ಯಾಶಿಯಂ ಮೈಯಲ್ಲಿ ನಿಂತರೆ ಹೃದಯಕ್ಕೆ ಅಪಾಯ. ಒಮ್ಮೆ ಪುಣ್ಯಾತ್ಮರೊಬ್ಬರು ‘ಸೋಡಿಯಂ ಕಡಿಮೆ ಇರುವ ಉಪ್ಪು’ ಎಂದು ಒಂದು ಪೆಟ್ಟಿಗೆ ತುಂಬ ಪೊಟ್ಟಣ ಕಳಿಸಿದರು. ಅಂಥ ಉಪ್ಪಿನಲ್ಲಿ ಸೋಡಿಯಮ್ಮಿನ ಬದಲು ಸೇರಿಸುವದು ಆ ಪೊಟ್ಯಾಶಿಯಮ್ಮನ್ನೇ! ಪೆಟ್ಟಿಗೆ ಬಂದ ಹಾದಿಯಲ್ಲೇ ಮರಳಿತು. ಕ್ಯಾನ್ಸರಿನ ಔಷಧಿಯಿಂದ ಬಾಯಿ ಹುಣ್ಣಾದವರಿಗೆ ಒಗ್ಗರಣೆಯ ವಾಸನೆಯೇ ವಾಕರಿಕೆ ತರಿಸುತ್ತದೆ; ಅವರಿಗೆ ಹೆಸರುಬೇಳೆ ಹಾಕಿದ ಮೆತ್ತನೆಯ ಅನ್ನ, ಬಿಸಿ ಆರಿಸಿ ಕೊಡಬೇಕು. ಹಸಿ ಕೋಸಂಬರಿ ಯಾರ ಡಬ್ಬಿಗೂ ಇಲ್ಲ. ನೆಗಡಿಯಾದವರಿಗೆ ಒಳಗೆ ಪ್ರವೇಶವಿಲ್ಲ, ಅವರು ಎಷ್ಟೇ ದೊಡ್ಡವರಿರಲಿ.

ಅಕ್ಕಿ ಬೇಳೆಗಳ ಚೀಲವನ್ನೇ ಹಂಚಬಾರದೇ, ಇಷ್ಟೆಲ್ಲ ಗದ್ದಲವೇಕೆ ಎಂದು ಕೇಳುವವರುಂಟು. ಈ ಪ್ರಶ್ನೆಗೆ ಉತ್ತರ ದೂರದ ನ್ಯೂಯಾರ್ಕಿನಲ್ಲಿ ಸಿಕ್ಕಿದೆ. ೧೯೮೫ರಲ್ಲಿ ಗಂಗಾ ಸ್ಟೋನ್ ಎಂಬ ಹೆಣ್ಣುಮಗಳು ಏಡ್ಸ್ ರೋಗಿಯೊಬ್ಬನಿಗೆ ದಿನಸಿಯ ಚೀಲ ಒಯ್ದು ಕೊಟ್ಟಳು. ಅವನಿಗೆ ಎದ್ದು ಬೇಯಿಸಿಕೊಳ್ಳುವ ತ್ರಾಣವೇ ಇರಲಿಲ್ಲ. ಅಂದಿನಿಂದ ಆಕೆ ಬೇಯಿಸಿದ ಊಟವನ್ನೇ ಮನೆಮನೆಗೆ ಒಯ್ಯತೊಡಗಿದಳು. ‘ಗಾಡ್ಸ್ ಲವ್ ವೀ ಡೆಲಿವರ್’ ಎಂಬ ಆ ಸಂಸ್ಥೆ ಇಂದು ನಾನಾ ಬಗೆಯ ರೋಗಿಗಳಿಗೆ, ಆಹಾರತಜ್ಞರು ಹೇಳಿದಂತೆ ಬೇಯಿಸಿ, ಬಿಟ್ಟಿಯಾಗಿ ಮುಟ್ಟಿಸುತ್ತದೆ. ಹೆಚ್ಚುವ, ಕಟ್ಟುವ ಕೈಗಳು ಬಹುತೇಕ ಸ್ವಯಂಸೇವಕರವು. ಆಕೆಗೆ ಗಂಗಾ ಎಂಬ ಹೆಸರು ಬಂದದ್ದು ಗಣೇಶಪುರಿಯ ಸ್ವಾಮಿ ಮುಕ್ತಾನಂದರ ಶಿಷ್ಯಳಾಗಿದ್ದಾಗ. ಮುಕ್ತಾನಂದರು ಹುಟ್ಟಿದ್ದು ನಮ್ಮ ಮಂಗಳೂರಿನ ಕಡೆಯಲ್ಲಿ!

ಹಾಗೆಂದು ಚೀಲವನ್ನು ಹಳಿಯುವದೂ ಸಲ್ಲದು. ಮನೆಯಲ್ಲಿ ಬೇಯಿಸುವವರಿದ್ದರೆ ಚೀಲವೂ ಜೀವ ಉಳಿಸೀತು. ಮಂಗಳೂರಿನ ಯೇನೆಪೋಯ ವೈದ್ಯಕೀಯ ಕಾಲೇಜಿನ ಡಾ. ಅನುರಾಗ ಭಾರ್ಗವ ಮತ್ತು ಅವರ ಸಂಗಡಿಗರು ೨೦೧೯ರಿಂದ ೨೦೨೨ರ ವರೆಗೆ ಝಾರ್ಖಂಡದ ೪ ಜಿಲ್ಲೆಗಳಲ್ಲಿ ೨,೮೦೦ ಕ್ಷಯರೋಗಿಗಳಿಗೆ ತಿಂಗಳಿಗೆ ೧೦ ಕಿಲೋದಂತೆ ಅಕ್ಕಿ, ಹುರಿಗಡಲೆ ಹಿಟ್ಟು, ಹಾಲಿನ ಪುಡಿ, ಎಣ್ಣೆ ಕೊಟ್ಟು ನೋಡಿದರು. ಮೊದಲ ಎರಡು ತಿಂಗಳಲ್ಲಿ ತೂಕ ಶೇಕಡಾ ೫ರಷ್ಟು ಏರಿದವರಲ್ಲಿ ಸಾವಿನ ಸಂಭವ ಶೇಕಡಾ ೬೧ರಷ್ಟು ಕಡಿಮೆಯಿತ್ತು. ಮನೆಮಂದಿಗೂ ಅಕ್ಕಿ ಬೇಳೆ ಸಿಕ್ಕ ಕಡೆ, ಸಿಗದ ಕಡೆಗಿಂತ ಹೊಸದಾಗಿ ಕ್ಷಯ ತಗಲಿದವರು ಶೇಕಡಾ ೩೯ರಷ್ಟು ಕಡಿಮೆ. ಸರಕಾರವೂ ಕ್ಷಯರೋಗಿಗೆ ಪೌಷ್ಟಿಕ ಆಹಾರಕ್ಕೆಂದು ೨೦೧೮ರಿಂದ ತಿಂಗಳಿಗೆ ೫೦೦ ರೂಪಾಯಿ ಕೊಡುತ್ತಿದ್ದುದನ್ನು ೨೦೨೪ರ ನವೆಂಬರಿನಲ್ಲಿ ೧,೦೦೦ಕ್ಕೆ ಏರಿಸಿತು. ಊಟವೂ ಔಷಧಿಯೇ ಎಂದು ನಮ್ಮ ಅಜ್ಜಿಯರು ಅಂದಾಗ ಅಂಕಿಗಳು ಇರಲಿಲ್ಲ, ಈಗ ಇವೆ.

ಔಷಧಿ ಎಂದ ಮೇಲೆ ಅದು ದಿನ ತಪ್ಪಬಾರದು. ನಮ್ಮ ಮನೆಯ ತೊಡಕು ಇರುವದೇ ಇಲ್ಲಿ. ಹಬ್ಬ, ಅಮಾವಾಸ್ಯೆ, ಮಕ್ಕಳ ಹುಟ್ಟುಹಬ್ಬ ಎಂದರೆ ದಾನಿಗಳು ಸಾಲುಗಟ್ಟುತ್ತಾರೆ. ಆಷಾಢದ ಒಂದು ಸಾಮಾನ್ಯ ಬುಧವಾರಕ್ಕೆ ಯಾರೂ ಇಲ್ಲ. ಕಳೆದ ತಿಂಗಳು ಗೃಹಸ್ಥರೊಬ್ಬರು ಮೊಮ್ಮಗನ ಹೆಸರಿನಲ್ಲಿ ಡಬ್ಬಿಗೆರಡರಂತೆ ಬೂಂದಿ ಲಾಡು ಇಡಿಸಲು ಬಂದರು. ಕಾಕೂ ಕೈಮುಗಿದು, “ಕೂಸಿಗೆ ಆಯುಷ್ಯ ಭಾಳ ಆಗ್ಲಿ. ಲಾಡು ನಮ್ಮ ಹೆಚ್ಚೋ ಹುಡುಗ್ರು ತಿಂತಾವ. ನೀವು ಮುಂದಿನ ಬುಧವಾರದ್ದು ಹೆಸರಬ್ಯಾಳಿ ಕೊಡ್ರಿ, ಅದನ್ನೂ ಕೂಸಿನ ಹೆಸರ್ಲೇ ಬರಕೋತೀವಿ” ಅಂದರು. ಗೃಹಸ್ಥರ ಮುಖ ಸಪ್ಪಗಾಯಿತು. ಬೇಳೆಯ ಮೇಲೆ ಮೊಮ್ಮಗನ ಹೆಸರು ಕಾಣಿಸುವದು ಹೇಗೆ? ಆದರೂ ಬುಧವಾರ ಬೆಳಿಗ್ಗೆ ಐದು ಕಿಲೋ ಬೇಳೆ ಬಂದು ಬಾಗಿಲಲ್ಲಿ ಕುಳಿತಿತ್ತು.

ಅದೇ ವಾರ ಸಿಂಧನೂರಿನ ಕಡೆಯ ರೈತನೊಬ್ಬ ಹೆಂಡತಿಯ ಡಬ್ಬಿ ಇಸಿದುಕೊಳ್ಳುತ್ತ, “ನಾಳಿಗೂ ಬರ್ಲೇನ್ರೀ?” ಎಂದು ಕೇಳಿದ. ನಾಳೆ ಗುರುವಾರ. ಕಾಕೂ ಉತ್ತರ ಹೇಳಲಿಲ್ಲ, ಇನ್ನೊಂದು ಡಬ್ಬಿಗೆ ಒಣ ಅವಲಕ್ಕಿ, ಹುರಿಗಡಲೆ, ಶೇಂಗಾದ ಪುಡಿ ತುಂಬಿ ಕೊಟ್ಟರು. ಸಂಜೆ ಮನೆಗಳವರೆಲ್ಲ ಕೂತು ಲೆಕ್ಕ ಹಾಕಿದೆವು. ಗುರುವಾರ ಒಲೆ ಹಚ್ಚಲು ಹಣದ ಚಿಂತೆ ಅಷ್ಟಿಲ್ಲ. ಬೆಳಿಗ್ಗೆ ಆರಕ್ಕೆ ಬಂದು ಒಂಬತ್ತರೊಳಗೆ ಹೊರಡಬಲ್ಲ ನಾಲ್ಕು ಜನ ಬೇಕು. ಇಬ್ಬರು ಸಿಕ್ಕಿದ್ದಾರೆ.